ಆಸ್ಪತ್ರೆಯ ಪ್ಲಗ್ ಪಾಯಿಂಟಿನ ಅರ್ಥ್: ಬಲ್ಬು ಹತ್ತಿತೆಂದು ನಂಬದೆ ಅಳೆದು ನೋಡುವ ಕ್ರಮ

ಹುಬ್ಬಳ್ಳಿ, ಧಾರವಾಡ, ಗದಗದ ಕಡೆ ವೈರ್‌ಮನ್ ಚೀಲ ಬಿಚ್ಚಿದರೆ ಅದರಲ್ಲಿ ಹೋಲ್ಡರಿಗೆ ಎರಡು ತುಂಡು ವೈರ್ ಕಟ್ಟಿದ 100 ವ್ಯಾಟಿನ ಬಲ್ಬು ಇದ್ದೇ ಇರುತ್ತದೆ. ಒಂದು ತುದಿಯನ್ನು ಫೇಸಿಗೂ ಇನ್ನೊಂದನ್ನು ಮೇಲಿನ ದೊಡ್ಡ ತೂತಿಗೂ (ಅದು ಅರ್ಥ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರಿನ ತೂತು) ಇಟ್ಟಾಗ ಬಲ್ಬು ಹತ್ತಿದರೆ “ಅರ್ಥ್ ಐತ್ರಿ” ಎಂದು ಹೇಳಿ ಪ್ಲೇಟಿನ ಸ್ಕ್ರೂ ಬಿಗಿದುಬಿಡುವುದು ರೂಢಿ. ಮನೆಯ ಮಿಕ್ಸರಿಗೇ ಈ ಪರೀಕ್ಷೆ ಸಾಲದು. ರೋಗಿಯ ಮಂಚದ ಪಕ್ಕದ ಸಾಕೆಟಿನಲ್ಲಿ ಇದನ್ನು ನೆಚ್ಚಿಕೊಳ್ಳುವುದು ತಪ್ಪು, ಮತ್ತು ಏಕೆ ತಪ್ಪೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸಬಹುದು.

ಪೂರ್ತಿ ಹತ್ತಿದ 100 ವ್ಯಾಟಿನ ಬಲ್ಬಿನ ರೋಧ ಸುಮಾರು 529 ಓಮ್. ಅದರಲ್ಲಿ ಹರಿಯುವ ಕರೆಂಟು ಅರ್ಧ ಆಂಪಿಯರಿಗಿಂತ ಕಡಿಮೆ. ಅರ್ಥಿನ ದಾರಿಯಲ್ಲಿ ಎಲ್ಲೋ ಹಸಿರುಗಟ್ಟಿದ ಒಂದು ಜಾಯಿಂಟಿನಿಂದಾಗಿ 50 ಓಮ್ ಸೇರಿಕೊಂಡಿದೆ ಎಂದುಕೊಳ್ಳಿ. ಆಗಲೂ ಬಲ್ಬಿಗೆ ಸುಮಾರು 210 ವೋಲ್ಟ್ ಸಿಗುತ್ತದೆ, ಬೆಳಕಿನಲ್ಲಿ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಅದೇ ಸಾಕೆಟಿಗೆ ಹಾಕಿದ ಸಕ್ಷನ್ ಮಷೀನಿನ ಒಳಗೆ ಫೇಸ್ ವೈರ್ ಅದರ ಹೊರಗಿನ ಲೋಹದ ಬಾಡಿಗೆ ತಗುಲಿದರೆ, 230ನ್ನು 50ರಿಂದ ಭಾಗಿಸಿದಷ್ಟು, ಅಂದರೆ 4.6 ಆಂಪಿಯರ್ ಮಾತ್ರ ಹರಿಯುತ್ತದೆ. ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ಸಂಪರ್ಕ ಕಡಿಯುವ 16 ಆಂಪಿಯರಿನ ಎಮ್‌ಸಿಬಿಗೆ ಅದು ದಿನನಿತ್ಯದ ಲೋಡು, ಅದು ಬೀಳುವುದಿಲ್ಲ. ಮಷೀನಿನ ಬಾಡಿ ಮಾತ್ರ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜಿನಲ್ಲಿ, ಯಾರಾದರೂ ಮುಟ್ಟುವವರೆಗೆ ಸುಮ್ಮನೆ ನಿಂತಿರುತ್ತದೆ. ಬಲ್ಬು ಉತ್ತರಿಸುವ ಪ್ರಶ್ನೆ “ಅಲ್ಲಿ ವೈರ್ ಇದೆಯೇ” ಎಂಬುದು. ನಮಗೆ ಬೇಕಾದ ಉತ್ತರ “ಎಷ್ಟು ಓಮ್” ಎಂಬುದು.

ಹುಬ್ಬಳ್ಳಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಅಲ್ಲಿಯ ಸಿಸ್ಟರ್ ಒಬ್ಬರು ಇಸಿಜಿ ಮಷೀನನ್ನು ತೋರಿಸಿ, “ಸರ್, ಇದನ್ನ ಮುಟ್ಟಿದ್ರ ಕೈ ಜುಮ್ ಅಂತೈತ್ರಿ, ಪೇಪರ್ ಮ್ಯಾಲೆ ಗೆರಿನೂ ನಡುಗ್ತೈತಿ” ಎಂದರು. ಅಲ್ಲಿಯ ಎಲೆಕ್ಟ್ರಿಷಿಯನ್ ಬಲ್ಬು ಹಚ್ಚಿ ತೋರಿಸಿ, ದೋಷ ಮಷೀನಿನದೇ ಎಂದು ವಾದಿಸಿದರು. ಅರ್ಥಿನ ಇಡೀ ದಾರಿಯ ರೋಧ ಅಳೆಯುವ ಲೂಪ್ ಟೆಸ್ಟರ್ ಹಾಕಿದಾಗ 41 ಓಮ್ ಬಂದಿತು. ಗೋಡೆಗೆ ಟೈಲ್ಸ್ ಕೂರಿಸುವಾಗ ತುಂಡಾದ ಅರ್ಥ್ ವೈರನ್ನು ಯಾರೋ ಕೈಯಿಂದ ಹೊಸೆದು, ಟೇಪ್ ಸುತ್ತಿ, ಮೇಲೆ ಸಿಮೆಂಟು ಮೆತ್ತಿದ್ದರು. ಸಿಸ್ಟರ್ ಹೇಳಿದ ಎರಡೂ ಲಕ್ಷಣಗಳು, ಅಂದರೆ ಜುಮ್ಮೆನ್ನುವುದು ಮತ್ತು ಇಸಿಜಿ ಗೆರೆಯ ಮೇಲೆ ಕೂರುವ 50 ಹರ್ಟ್ಸ್‌ನ ಸಣ್ಣ ನಡುಕ, ಅರ್ಥ್ ಕೆಟ್ಟಾಗ ಮೊದಲು ಕಾಣಿಸುವ ಗುರುತುಗಳು. ಆದ್ದರಿಂದ ಮೀಟರ್ ತೆಗೆಯುವ ಮುನ್ನ ವಾರ್ಡಿನ ಸಿಸ್ಟರುಗಳನ್ನೂ ಆಯಾಗಳನ್ನೂ ಮಾತಾಡಿಸಿ. ಯಾವ ಪಾಯಿಂಟು ಸರಿಯಿಲ್ಲವೆಂಬುದು ಬಹುತೇಕ ಅವರಿಗೆ ಮೊದಲೇ ಗೊತ್ತಿರುತ್ತದೆ.

ಆಸ್ಪತ್ರೆಗೆ ಬೇರೆ ಅಳತೆಗೋಲು ಏಕೆ

ಆರೋಗ್ಯವಂತನ ಕೈಗೆ ಸುಮಾರು 1 ಮಿಲಿಆಂಪಿಯರ್ ಹರಿದಾಗ ಜುಮ್ಮೆನ್ನುತ್ತದೆ, 10 ಮಿಲಿಆಂಪಿಯರ್ ಸುತ್ತಮುತ್ತ ಹಿಡಿದದ್ದನ್ನು ಬಿಡಲಾಗದಂತೆ ಸ್ನಾಯು ಸೆಟೆದುಕೊಳ್ಳುತ್ತದೆ. ಇವೆರಡೂ ಒಣ ಚರ್ಮ ಮತ್ತು ಎಚ್ಚರ ಇರುವವರ ಲೆಕ್ಕ. ರೋಗಿಯ ಎದೆಯ ಮೇಲೆ ಜೆಲ್ ಹಚ್ಚಿರುತ್ತದೆ, ಕೈಯಲ್ಲಿ ಸಲೈನ್ ಇರುತ್ತದೆ, ಅರಿವಳಿಕೆಯಲ್ಲಿದ್ದರೆ ಕೈ ಹಿಂದೆಗೆಯುವ ಶಕ್ತಿಯೂ ಇರುವುದಿಲ್ಲ. ಹೃದಯದವರೆಗೆ ಕ್ಯಾಥೆಟರ್ ಅಥವಾ ಪೇಸಿಂಗ್ ವೈರ್ ಹೋಗಿದ್ದರೆ ಮಾತು ಇನ್ನೂ ಸೂಕ್ಷ್ಮ. ಹೃದಯಕ್ಕೆ ನೇರ ತಗುಲುವ ಸಿಎಫ್ ವರ್ಗದ ಉಪಕರಣಗಳಿಗೆ ಐಇಸಿ 60601 ಎಂಬ ಅಂತರರಾಷ್ಟ್ರೀಯ ಮಾನದಂಡವು ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರ್, ಒಂದು ದೋಷ ಉಂಟಾದ ಸ್ಥಿತಿಯಲ್ಲಿ 50 ಮೈಕ್ರೋಆಂಪಿಯರ್ ಸೋರಿಕೆಯನ್ನಷ್ಟೇ ಒಪ್ಪುತ್ತದೆ. ದೇಹದ ರೋಧವನ್ನು 1000 ಓಮ್ ಎಂದು ಹಿಡಿದರೆ 50 ಮೈಕ್ರೋಆಂಪಿಯರ್ ಹರಿಯಲು 50 ಮಿಲಿವೋಲ್ಟ್ ಸಾಕು. ಒಂದೇ ಮಂಚದ ಎಡಬಲದ ಎರಡು ಸಾಕೆಟುಗಳ ಅರ್ಥ್‌ಗಳ ನಡುವೆ ಇಷ್ಟು ವ್ಯತ್ಯಾಸ ಬರಲು ಒಂದು ಸಡಿಲ ಸ್ಕ್ರೂ ಇದ್ದರೆ ಆಯಿತು.

ವೈದ್ಯಕೀಯ ಕೋಣೆಗಳ ವೈರಿಂಗ್‌ಗೆ ಸಂಬಂಧಿಸಿದ ಐಇಸಿ 60364ರ 710ನೆಯ ಭಾಗವು ಕೋಣೆಗಳನ್ನು 0, 1, 2 ಎಂದು ಮೂರು ಗುಂಪು ಮಾಡುತ್ತದೆ. ರೋಗಿಯ ಮೈಗೆ ವಿದ್ಯುತ್ ಉಪಕರಣ ತಾಗದ ಕಡೆ 0. ತಾಗುವ, ಆದರೆ ಹೃದಯಕ್ಕೆ ಹೋಗದ ಸಾಮಾನ್ಯ ವಾರ್ಡು, ಹೆರಿಗೆ ಕೋಣೆಗಳಂಥ ಕಡೆ 1. ಆಪರೇಷನ್ ಥಿಯೇಟರ್, ಐಸಿಯು, ಕ್ಯಾಥ್ ಲ್ಯಾಬ್‌ಗಳಂಥ, ಕರೆಂಟು ಹೋದರೆ ಜೀವ ಹೋಗುವ ಕಡೆ 2. ಪರೀಕ್ಷೆಗೆ ಹೊರಡುವ ಮುನ್ನ ಕಟ್ಟಡದ ನಕ್ಷೆಯ ಮೇಲೆ ಪ್ರತಿ ಕೋಣೆಯ ಗುಂಪನ್ನು ಬರೆದುಕೊಳ್ಳಿ. ಗುಂಪು 2ರ ಕೋಣೆಗೆ ನಿಯಮಗಳೇ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಸಿದ್ಧತೆ

ಈ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಅಥವಾ ಬಯೋಮೆಡಿಕಲ್ ಎಂಜಿನಿಯರ್ ಮಾಡುವಂಥದ್ದು, ಮತ್ತು ಯಾವತ್ತೂ ಒಬ್ಬರೇ ಮಾಡಬಾರದು. ವಾರ್ಡಿನ ಇನ್‌ಚಾರ್ಜ್ ಸಿಸ್ಟರಿಗೆ ಹಿಂದಿನ ದಿನವೇ ಬರಹದಲ್ಲಿ ತಿಳಿಸಿ, ಯಾವ ಸಾಕೆಟು ಯಾವ ಹೊತ್ತಿಗೆ ಖಾಲಿ ಸಿಗುತ್ತದೆಂದು ಅವರಿಂದಲೇ ಕೇಳಿ ಪಡೆಯಿರಿ. ವೆಂಟಿಲೇಟರ್, ಇನ್‌ಫ್ಯೂಷನ್ ಪಂಪ್, ಬೇಬಿ ವಾರ್ಮರ್ ಓಡುತ್ತಿರುವ ಸರ್ಕ್ಯೂಟನ್ನು ಪರೀಕ್ಷೆಯ ನೆಪದಲ್ಲಿ ಆಫ್ ಮಾಡುವಂತಿಲ್ಲ. ಬ್ಯಾಟರಿ ಬ್ಯಾಕಪ್ ಇದೆಯೆಂಬ ಬಾಯಿಮಾತು ಸಾಲದು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಮೊದಲು ನೋಡಬೇಕು.

ಉಪಕರಣಗಳ ಪೈಕಿ ಕಟ್ಟಡದ ವೈರಿಂಗ್ ಮೇಲೆ ಬಳಸಲು ತಕ್ಕ ಕ್ಯಾಟ್ 3 ದರ್ಜೆಯ ಮಲ್ಟಿಮೀಟರ್, ಕನಿಷ್ಠ 200 ಮಿಲಿಆಂಪಿಯರ್ ಹರಿಸಿ ಅಳೆಯುವ ಲೋ-ಓಮ್ ಕಂಟಿನ್ಯುಟಿ ಟೆಸ್ಟರ್, ಲೂಪ್ ಇಂಪೀಡನ್ಸ್ ಮತ್ತು ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಟೆಸ್ಟರ್, ಮತ್ತು ಲೋಹದ ಪೈಪು ಹೂತ ಗುಂಡಿಗಾಗಿ, ಅಂದರೆ ಅರ್ಥ್ ಪಿಟ್‌ಗಾಗಿ ಮೂರು ಕಂಬಿಗಳ ಅರ್ಥ್ ಟೆಸ್ಟರ್ ಬೇಕು. ಎಲ್ಲವುಗಳ ಕ್ಯಾಲಿಬ್ರೇಷನ್ ಅವಧಿ ಮುಗಿದಿರಬಾರದು. ಮೂರು ಸಣ್ಣ ಎಲ್‌ಇಡಿ ದೀಪಗಳ ಸಾಕೆಟ್ ಟೆಸ್ಟರನ್ನು ಇಟ್ಟುಕೊಳ್ಳಬಾರದೆಂದಿಲ್ಲ. ಫೇಸ್ ಎಡಕ್ಕೆ ಬಂದಿದ್ದರೆ ಅದು ತಕ್ಷಣ ಹೇಳುತ್ತದೆ. ಆದರೆ ಅರ್ಥಿನ ರೋಧವನ್ನು ಅದು ಅಳೆಯುವುದಿಲ್ಲ, ನ್ಯೂಟ್ರಲ್ ಮತ್ತು ಅರ್ಥ್ ಅದಲುಬದಲಾಗಿದ್ದರೂ ಅದಕ್ಕೆ ತಿಳಿಯುವುದಿಲ್ಲ.

ಮೊದಲು ಕಣ್ಣು, ಆಮೇಲೆ ಕೈ

ಪ್ಲೇಟು ಕಪ್ಪಾಗಿದೆಯೇ, ಬಿಸಿಯಾಗುತ್ತದೆಯೇ, ಬಿರುಕು ಬಿಟ್ಟಿದೆಯೇ, ನೆಲ ತೊಳೆಯುವ ನೀರು ಸಿಡಿಯುವಷ್ಟು ಕೆಳಗಿದೆಯೇ ಎಂದು ನೋಡಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ತೂತಿಗೆ ಕೂರಿಸುವ ಅಡಾಪ್ಟರ್, ಅರ್ಥ್ ಪಿನ್ ಕತ್ತರಿಸಿದ ಪ್ಲಗ್, ಮಂಚದ ಕೆಳಗೆ ಬಿದ್ದಿರುವ ಎಕ್ಸ್‌ಟೆನ್ಷನ್ ಬೋರ್ಡು ಕಂಡರೆ ಅಲ್ಲಿಂದಲೇ ತೆಗೆಸಿ, ಏಕೆಂದರೆ ಗೋಡೆಯ ಸಾಕೆಟು ಎಷ್ಟೇ ಚೆನ್ನಾಗಿದ್ದರೂ ಇವುಗಳನ್ನು ದಾಟಿ ಅರ್ಥ್ ರೋಗಿಯ ಉಪಕರಣಕ್ಕೆ ತಲುಪದು. ನಂತರ ಪ್ಲಗ್ ಹಾಕಿ ಅಲುಗಿಸಿ ನೋಡಿ. ದಿನಕ್ಕೆ ಹತ್ತು ಸಲ ಹಾಕಿ ತೆಗೆಯುವ ಎಕ್ಸ್‌ರೇ ಟ್ರಾಲಿಯ ಸಾಕೆಟಿನಲ್ಲಿ ಒಳಗಿನ ಹಿತ್ತಾಳೆಯ ಹಿಡಿತ ಬೇಗ ಸಡಿಲಾಗುತ್ತದೆ. ಅಮೆರಿಕದ ಎನ್‌ಎಫ್‌ಪಿಎ 99 ನಿಯಮಾವಳಿ ಅಲ್ಲಿಯ ಆಸ್ಪತ್ರೆ ಸಾಕೆಟುಗಳ ಅರ್ಥ್ ಹಿಡಿತ ಕನಿಷ್ಠ 115 ಗ್ರಾಂ ಇರಬೇಕೆನ್ನುತ್ತದೆ. ನಮ್ಮ ಗುಂಡು ಪಿನ್ನಿನ ಸಾಕೆಟಿಗೆ ಆ ಅಂಕಿಯನ್ನು ಹಾಗೆಯೇ ಹಚ್ಚಲಾಗದಿದ್ದರೂ, ಹಿಡಿತವನ್ನೂ ಒಂದು ಪರೀಕ್ಷೆಯೆಂದು ಎಣಿಸುವ ಅವರ ರೀತಿ ಅನುಸರಿಸತಕ್ಕದ್ದು. ನಾನು ಒಂದು ಹೊಸ ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಬಿಡಿಸಿ ಇಟ್ಟುಕೊಂಡಿದ್ದೇನೆ. ಶಟರ್ ತೆರೆದು ಅದು ತೂತಿನಲ್ಲಿ ತಾನಾಗಿ ಜಾರಿ ಬಿದ್ದರೆ ಆ ಸಾಕೆಟು ಬದಲಾಗಬೇಕು.

ಕರೆಂಟು ತೆಗೆದು ಮಾಡುವ ಅಳತೆ

ಡಿಬಿಯಲ್ಲಿ, ಅಂದರೆ ಎಮ್‌ಸಿಬಿಗಳಿರುವ ವಿತರಣಾ ಪೆಟ್ಟಿಗೆಯಲ್ಲಿ, ಆ ಸರ್ಕ್ಯೂಟನ್ನು ಆಫ್ ಮಾಡಿ, ಬೀಗ ಹಾಕಿ, ಫಲಕ ತೂಗುಹಾಕಿ. ಸಾಕೆಟಿನಲ್ಲಿ ಕರೆಂಟು ಇಲ್ಲವೆಂದು ಖಚಿತಪಡಿಸಿಕೊಳ್ಳುವಾಗ, ಮೀಟರನ್ನು ಮೊದಲು ಕರೆಂಟಿರುವ ಬೇರೆ ಪಾಯಿಂಟಿನಲ್ಲಿ ನೋಡಿ, ನಂತರ ಇಲ್ಲಿ ನೋಡಿ, ಮತ್ತೆ ಅಲ್ಲಿ ನೋಡಿ. ಬ್ಯಾಟರಿ ಸತ್ತ ಮೀಟರ್ ಕೂಡ ಸೊನ್ನೆಯನ್ನೇ ತೋರಿಸಬಹುದು.

ಈಗ ಲೋ-ಓಮ್ ಟೆಸ್ಟರಿನ ಎರಡು ಲೀಡುಗಳನ್ನು ಒಂದಕ್ಕೊಂದು ಕೂಡಿಸಿ ಸೊನ್ನೆ ಮಾಡಿಕೊಳ್ಳಿ. ಉದ್ದದ ಲೀಡಿನ ಸ್ವಂತ ರೋಧ ನಾವು ಹುಡುಕುತ್ತಿರುವ ರೋಧಕ್ಕಿಂತ ಹೆಚ್ಚಿರುವುದುಂಟು. ಒಂದು ಲೀಡನ್ನು ಕೋಣೆಯ ಎಲ್ಲ ಲೋಹದ ಭಾಗಗಳನ್ನೂ ಅರ್ಥ್‌ಗಳನ್ನೂ ಒಂದುಗೂಡಿಸುವ ಪಟ್ಟಿಗೆ, ಅಂದರೆ ಈಕ್ವಿಪೊಟೆನ್ಷಿಯಲ್ ಬಸ್‌ಬಾರಿಗೆ, ಅದು ಇಲ್ಲದಿದ್ದರೆ ಡಿಬಿಯ ಅರ್ಥ್ ಪಟ್ಟಿಗೆ ಹಿಡಿದು, ಇನ್ನೊಂದರಿಂದ ಪ್ರತಿ ಸಾಕೆಟಿನ ಅರ್ಥ್ ತೂತು, ಮಂಚದ ಕಬ್ಬಿಣ, ಆಕ್ಸಿಜನ್ ಪೈಪು, ಬೆಡ್‌ಹೆಡ್ ಪ್ಯಾನೆಲಿನ ಅಲ್ಯೂಮಿನಿಯಂ, ಸಿಂಕಿನ ಲೋಹದ ಭಾಗಗಳನ್ನು ಒಂದೊಂದಾಗಿ ಮುಟ್ಟಿ ಅಳೆಯಿರಿ. ಬಣ್ಣದ ಮೇಲೆ ಲೀಡು ಇಟ್ಟು ಅಳೆಯಬೇಡಿ. ವರ್ಷಕ್ಕೊಮ್ಮೆ ಗೋಡೆಗೆ ಬಣ್ಣ ಹೊಡೆಯುವವರು ಅರ್ಥ್ ಬೋಲ್ಟುಗಳನ್ನೂ ಶ್ರದ್ಧೆಯಿಂದ ಬಳಿದಿರುತ್ತಾರೆ.

ಗುಂಪು 2ರ ಕೋಣೆಗಳಲ್ಲಿ ಸಾಕೆಟಿನ ಅರ್ಥ್ ಮತ್ತು ಬಸ್‌ಬಾರಿನ ನಡುವೆ 0.2 ಓಮ್ ದಾಟಬಾರದೆಂಬುದು 710ನೆಯ ಭಾಗದ ಮಿತಿ. ಉಳಿದ ಕಡೆ ಬಂದ ಅಂಕಿಯನ್ನು ವೈರಿನ ಉದ್ದದೊಂದಿಗೆ ಹೋಲಿಸಿ. 2.5 ಚದರ ಮಿಲಿಮೀಟರ್ ತಾಮ್ರದ ವೈರಿನ ರೋಧ ಕಿಲೋಮೀಟರಿಗೆ 7.41 ಓಮ್, ಆದ್ದರಿಂದ 20 ಮೀಟರಿಗೆ 0.15 ಓಮ್ ಬರಬೇಕು. ಬಂದದ್ದು 0.6 ಆದರೆ ಉಳಿದ 0.45 ಓಮ್ ಜಾಯಿಂಟುಗಳಲ್ಲಿ ಕೂತಿದೆ. ಇಂದು 0.45 ಇರುವ ಜಾಯಿಂಟು ಎರಡು ಮಳೆಗಾಲ ಕಳೆದರೆ 40 ಆಗುವುದು ಕಷ್ಟವೇನಲ್ಲ, ಹಾಗಾಗಿ ಮಿತಿಯೊಳಗಿದ್ದರೂ ಲೆಕ್ಕಕ್ಕೆ ಹೊಂದದ ಅಂಕಿಯ ಬೆನ್ನು ಹತ್ತುವುದು ಒಳ್ಳೆಯದು.

ಕರೆಂಟು ಇಟ್ಟು ಮಾಡುವ ಅಳತೆ

ಸಾಕೆಟಿಗೆ ಎದುರು ನಿಂತಾಗ ಮೇಲಿನದು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಫೇಸ್ ಮತ್ತು ಅರ್ಥ್ ನಡುವೆ 90, 110 ಎಂದು ಅರೆಬರೆ ಅಂಕಿ ಬಂದರೆ, ಅರ್ಥ್ ಎಲ್ಲೋ ಕಡಿದು ಹೋಗಿ ಪಕ್ಕದ ವೈರುಗಳಿಂದ ಸುಳ್ಳು ವೋಲ್ಟೇಜು ಹತ್ತಿಕೊಂಡಿದೆ ಎಂದು ತಿಳಿಯಿರಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಲೋಡು ಇರುವಾಗ ಒಂದೆರಡು ವೋಲ್ಟ್ ಬರುವುದು ಸಹಜ. ಡಿಬಿಯಿಂದ ದೂರದ ಸಾಕೆಟಿನಲ್ಲಿ ದೊಡ್ಡ ಲೋಡು ಹಾಕಿದಾಗಲೂ ಇದು ನೆಟ್ಟಗೆ ಸೊನ್ನೆ ಇದ್ದರೆ ಸಂತೋಷಪಡಬೇಡಿ. ಅರ್ಥ್ ವೈರ್ ಸಿಗದೆ, ಸಾಕೆಟಿನ ಹಿಂದೆಯೇ ನ್ಯೂಟ್ರಲ್‌ನಿಂದ ಅರ್ಥಿಗೆ ಒಂದು ತುಂಡು ವೈರ್ ಜಿಗಿಸಿರುವ ಸಾಧ್ಯತೆ ಹೆಚ್ಚು. ಇಂಥ ಸಾಕೆಟು ಬಲ್ಬಿನ ಪರೀಕ್ಷೆಯಲ್ಲೂ ಎಲ್‌ಇಡಿ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಆದರೆ ಮುಂದೆಂದೋ ನ್ಯೂಟ್ರಲ್ ಕಡಿದ ದಿನ ಉಪಕರಣದ ಬಾಡಿಯ ಮೇಲೆ ಪೂರ್ತಿ 230 ವೋಲ್ಟ್ ಬಂದು ಕೂರುತ್ತದೆ. ನನ್ನ ಅಭಿಪ್ರಾಯದಲ್ಲಿ ಅರ್ಥ್ ಇಲ್ಲದ ಸಾಕೆಟಿಗಿಂತ ಇದು ಅಪಾಯಕಾರಿ.

ಮುಂದಿನದು ಲೂಪ್ ಇಂಪೀಡನ್ಸ್, ಅಂದರೆ ದೋಷದ ಕರೆಂಟು ಫೇಸಿನಿಂದ ಅರ್ಥ್ ಮೂಲಕ ಸುತ್ತಿ ಮರಳುವ ಇಡೀ ದಾರಿಯ ರೋಧ. ಈ ಇಡೀ ಕ್ರಮದಲ್ಲಿ ಒಂದೇ ಅಳತೆಗೆ ಸಮಯವಿದ್ದರೆ ನಾನು ಇದನ್ನೇ ಮಾಡುತ್ತೇನೆ. ದೋಷ ಬಂದಾಗ ಎಷ್ಟು ಆಂಪಿಯರ್ ಹರಿದೀತು, ಎಮ್‌ಸಿಬಿ ತಕ್ಷಣ ಬಿದ್ದೀತೇ ಎಂಬುದನ್ನು ಇದು ಹೇಳುತ್ತದೆ. ಬಿ ವರ್ಗದ 16 ಆಂಪಿಯರ್ ಎಮ್‌ಸಿಬಿ ತಕ್ಷಣ ಬೀಳುವುದು ಖಚಿತವಾಗಬೇಕಾದರೆ ಅದರ ಐದು ಪಟ್ಟು, ಅಂದರೆ 80 ಆಂಪಿಯರ್ ಹರಿಯಬೇಕು. ಲೂಪಿನ ಮಿತಿ ಸುಮಾರು 2.87 ಓಮ್. ಸಿ ವರ್ಗದ್ದಾದರೆ ಹತ್ತು ಪಟ್ಟು, 160 ಆಂಪಿಯರ್. ಮಿತಿ ಸುಮಾರು 1.43 ಓಮ್. ಬಿಸಿಯಾದಾಗ ವೈರಿನ ರೋಧ ಏರುವುದರಿಂದ ಅಳತೆ ಈ ಮಿತಿಯ ಶೇಕಡಾ 80ರ ಒಳಗಿರಲಿ, ಅಂದರೆ 2.3 ಮತ್ತು 1.15 ಓಮ್. ಆರ್‌ಸಿಸಿಬಿ ಇರುವ ಸರ್ಕ್ಯೂಟಿನಲ್ಲಿ ಟೆಸ್ಟರಿನ ನೋ-ಟ್ರಿಪ್ ಆಯ್ಕೆಯನ್ನು ಬಳಸದಿದ್ದರೆ ಇಡೀ ವಾರ್ಡು ಕತ್ತಲಾಗುತ್ತದೆ.

ಸ್ವಂತ ಟ್ರಾನ್ಸ್‌ಫಾರ್ಮರ್ ಇಲ್ಲದೆ ವಿದ್ಯುತ್ ಪೂರೈಸುವ ಹೆಸ್ಕಾಂನ ಎಲ್‌ಟಿ (ಕಡಿಮೆ ವೋಲ್ಟೇಜಿನ) ಸಂಪರ್ಕದಲ್ಲಿ, ಅರ್ಥ್ ಪಿಟ್ ಒಂದನ್ನೇ ನೆಚ್ಚಿ ನಡೆಯುವ ಸಣ್ಣ ಆಸ್ಪತ್ರೆಗಳಲ್ಲಿ ಈ ಮಿತಿಗಳು ಸಿಗುವುದೇ ಕಷ್ಟ. ದೋಷದ ಕರೆಂಟು ಮಣ್ಣಿನ ಮೂಲಕವೇ ಮರಳಬೇಕಾದ್ದರಿಂದ ಪಿಟ್ 5 ಓಮ್ ಇದ್ದರೂ ಗರಿಷ್ಠ 46 ಆಂಪಿಯರ್. ಯಾವ ವರ್ಗದ 16 ಆಂಪಿಯರ್ ಎಮ್‌ಸಿಬಿಯೂ ಅದಕ್ಕೆ ತಕ್ಷಣ ಬೀಳದು. ಅಲ್ಲಿ ಜೀವ ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮಾತ್ರ. ಅದರ ಟೆಸ್ಟ್ ಬಟನ್ ಒತ್ತುವುದರ ಜೊತೆಗೆ ಟೆಸ್ಟರಿನಿಂದಲೂ ನೋಡಿ: 15 ಮಿಲಿಆಂಪಿಯರಿಗೆ ಬೀಳಬಾರದು, 30ಕ್ಕೆ 300 ಮಿಲಿಸೆಕೆಂಡಿನೊಳಗೆ, 150ಕ್ಕೆ 40 ಮಿಲಿಸೆಕೆಂಡಿನೊಳಗೆ ಬೀಳಬೇಕು. ಪದೇ ಪದೇ ಬೀಳುತ್ತದೆಂದು ಅದನ್ನು ಬೈಪಾಸ್ ಮಾಡಿರುವ ಡಿಬಿಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಹಾಗಾಗಿ ಮುಚ್ಚಳ ತೆಗೆದು ವೈರ್ ನಿಜಕ್ಕೂ ಅದರೊಳಗಿಂದ ಹಾದು ಹೋಗಿದೆಯೇ ಎಂದು ನೋಡಿಕೊಳ್ಳಿ.

ಇದೇ ಅಳತೆಗಳನ್ನು ಜನರೇಟರ್ ಮೇಲೆ ಓಡುವಾಗಲೂ, ಯುಪಿಎಸ್ ಮೇಲೆ ಓಡುವಾಗಲೂ ಪುನಃ ತೆಗೆಯಬೇಕು. ಹೊರಗಿನ ಕರೆಂಟಿನಿಂದ ಜನರೇಟರಿಗೆ ಬದಲಿಸುವ ನಾಲ್ಕು ಪೋಲಿನ ಚೇಂಜ್‌ಓವರ್ ಸ್ವಿಚ್ಚು ನ್ಯೂಟ್ರಲ್ಲನ್ನೂ ಕಡಿಯುತ್ತದೆ. ಜನರೇಟರಿನ ನ್ಯೂಟ್ರಲ್ಲಿಗೆ ತನ್ನದೇ ಅರ್ಥಿಂಗ್ ಇಲ್ಲದಿದ್ದರೆ, ಹಗಲೆಲ್ಲ ಸರಿಯಿದ್ದ ಆರ್‌ಸಿಸಿಬಿ ರಾತ್ರಿ ಕರೆಂಟು ಹೋಗಿ ಜನರೇಟರ್ ಶುರುವಾದ ಕೂಡಲೇ ನಿಷ್ಪ್ರಯೋಜಕವಾಗುತ್ತದೆ.

ಥಿಯೇಟರ್ ಮತ್ತು ಐಸಿಯು

ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಥಿಯೇಟರಿನಲ್ಲಿ ಎರಡೂ ವೈರುಗಳು ಭೂಮಿಯಿಂದ ಬೇರ್ಪಟ್ಟಿರುತ್ತವೆ. ಅಲ್ಲಿ ಒಂದೊಂದರಿಂದಲೂ ಅರ್ಥಿಗೆ 115 ವೋಲ್ಟಿನಂಥ ಅಂಕಿ ಬರುವುದು ದೋಷವಲ್ಲ, ಅದು ವ್ಯವಸ್ಥೆಯ ಲಕ್ಷಣ. ಇದನ್ನು ಅರಿಯದೆ “ನ್ಯೂಟ್ರಲ್ ತೇಲ್ತೈತಿ” ಎಂದು ಅರ್ಥಿಗೆ ಕಟ್ಟಿ “ಸರಿಪಡಿಸಿದರೆ” ಲಕ್ಷಾಂತರ ರೂಪಾಯಿಯ ರಕ್ಷಣೆ ಒಂದು ತುಂಡು ವೈರಿನಿಂದ ವ್ಯರ್ಥ. ಇಲ್ಲಿ ಲೂಪ್ ಪರೀಕ್ಷೆ ಅನ್ವಯಿಸುವುದಿಲ್ಲ. ಈ ವೈರುಗಳಿಗೂ ಭೂಮಿಗೂ ನಡುವಿನ ರೋಧವನ್ನು ಕಾಯುವ ಇನ್ಸುಲೇಷನ್ ಮಾನಿಟರಿನ ಟೆಸ್ಟ್ ಬಟನ್ ಒತ್ತಿ, ರೋಧ 50 ಕಿಲೋಓಮ್‌ಗೆ ಇಳಿದಾಗ ಅಲಾರಂ ಕೂಗುತ್ತದೆಯೇ, ಅದು ಥಿಯೇಟರಿನ ಒಳಗಿನವರಿಗೆ ಕೇಳಿಸುತ್ತದೆಯೇ ಎಂದು ನೋಡಿ. ನಂತರ ಮಂಚದ ಸುತ್ತಲಿನ ಸಾಕೆಟುಗಳ ಅರ್ಥ್‌ಗಳನ್ನು ಎರಡೆರಡಾಗಿ ಹಿಡಿದು, ಮೀಟರಿನ ತುದಿಗಳ ನಡುವೆ 1000 ಓಮ್ ರೆಸಿಸ್ಟರ್ ಸೇರಿಸಿ, ಮಿಲಿವೋಲ್ಟಿನಲ್ಲಿ ಅಳೆಯಿರಿ. ರೆಸಿಸ್ಟರ್ ಇಲ್ಲಿ ರೋಗಿಯ ದೇಹದ ಬದಲಿ. ಅಂಕಿ 10 ಮಿಲಿವೋಲ್ಟ್ ದಾಟುತ್ತಿದ್ದರೆ ಕಾರಣ ಹುಡುಕಿ.

ಅರ್ಥ್ ಪಿಟ್: ಎರೆ ಮಣ್ಣಿನ ವಿಚಾರ

ನಮ್ಮ ಪ್ರದೇಶದಲ್ಲಿ ಈ ಭಾಗಕ್ಕೆ ಹೆಚ್ಚು ಗಮನ ಬೇಕು. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ನೀರು ಹಿಡಿದು, ಪೈಪಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಗ ಅಳೆದರೆ ಅಂಕಿ ಬಹಳ ಚೆನ್ನಾಗಿ ಬರುತ್ತದೆ. ಅದೇ ಮಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ, ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ, ಮತ್ತು ಪಿಟ್ಟಿನ ರೋಧ ಹಲವು ಪಟ್ಟು ಏರಬಹುದು. ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿಯ ಕಡೆ, ಹಾಗೆಯೇ ಹಾನಗಲ್ಲಿನ ಕಡೆ ಕೆಮ್ಮಣ್ಣು ಹೆಚ್ಚು. ಅದು ಅಷ್ಟು ಬಿರುಕು ಬಿಡದಿದ್ದರೂ ನೀರನ್ನು ಬೇಗ ಬಿಟ್ಟುಕೊಡುತ್ತದೆ. ವಿದ್ಯುತ್ ಪೂರೈಸುವವರು ತಮ್ಮ ಅರ್ಥಿಂಗನ್ನು ಒಣ ಋತುವಿನ ಒಣ ದಿನದಂದು, ಎರಡು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಹೇಳುವುದು ಈ ಕಾರಣಕ್ಕೇ. ಆಸ್ಪತ್ರೆಯವರೂ ಅದನ್ನೇ ಅನುಸರಿಸಿ ಮೇ ತಿಂಗಳಲ್ಲಿ, ಮೊದಲ ಅಡ್ಡಮಳೆಗೆ ಮುನ್ನ ಅಳೆಯಲಿ. ಪರೀಕ್ಷಿಸುವವರು ಬರುವ ಬೆಳಿಗ್ಗೆ ಪಿಟ್ಟಿಗೆ ನಾಲ್ಕು ಕೊಡ ನೀರು ಸುರಿದಿಡುವ ಚಾಳಿ ಎಲ್ಲರಿಗೂ ಗೊತ್ತಿರುವಂಥದ್ದೇ. ಆ ಅಂಕಿ ಕಾಗದಕ್ಕೆ ಸಲ್ಲುತ್ತದೆ, ರೋಗಿಗೆ ಸಲ್ಲದು.

ಅಳೆಯುವ ರೀತಿ ಹೀಗೆ: ಪಿಟ್ಟಿನಿಂದ ನೇರ ರೇಖೆಯಲ್ಲಿ ಕರೆಂಟಿನ ಕಂಬಿಯನ್ನು ದೂರ ನೆಟ್ಟು, ಆ ದೂರದ ಶೇಕಡಾ 62ರಲ್ಲಿ ವೋಲ್ಟೇಜಿನ ಕಂಬಿಯನ್ನು ನೆಡಬೇಕು; ನಂತರ ಅದನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿದರೂ ಅಂಕಿ ಹೆಚ್ಚು ಬದಲಾಗದಿದ್ದರೆ ನಂಬಬಹುದು. ಇದಕ್ಕಾಗಿ ಪಿಟ್ಟಿನ ಲಿಂಕನ್ನು ಬಿಚ್ಚಬೇಕಾಗುತ್ತದೆ, ಆದರೆ ಓಡುತ್ತಿರುವ ಆಸ್ಪತ್ರೆಯ ಒಂದೇ ಒಂದು ಪಿಟ್ಟನ್ನು ಬಿಚ್ಚುವುದು ಅಕ್ಷಮ್ಯ. ಎರಡನೆಯ ಪಿಟ್ ಇದ್ದು, ಅದು ಸರಿಯಿದೆಯೆಂದು ತಿಳಿದ ನಂತರ ಮಾತ್ರ ಮೊದಲನೆಯದಕ್ಕೆ ಕೈ ಹಾಕಿ. ಪೈಪಿನ ಸುತ್ತ ಹಾಕಿದ ಇದ್ದಿಲು ಮತ್ತು ಉಪ್ಪಿನಲ್ಲಿ ಉಪ್ಪು ತೇವ ಹಿಡಿಯುವಂತೆಯೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನೂ ತಿನ್ನುತ್ತದೆ. ಕ್ಲಾಂಪನ್ನು ಕೈಯಿಂದ ಅಲುಗಿಸಿ, ತುಕ್ಕನ್ನು ಕೆರೆದು ನೋಡಿ. ಇನ್ನು ನಲ್ಲಿಯ ಪೈಪಿಗೆ ಅರ್ಥ್ ಕಟ್ಟುವ ಹಳೆಯ ರೂಢಿಯನ್ನು ಎಲ್ಲಿ ಕಂಡರೂ ಬಿಚ್ಚಿಸಿ ಸರಿಯಾದ ಅರ್ಥಿಗೆ ಸೇರಿಸಿ. ಮಧ್ಯದ ಒಂದು ಗಜ ಪಿವಿಸಿಯಾದ ದಿನವೇ ಅದು ಸತ್ತಿದೆ.

ಬರೆದಿಡುವುದು

ಪ್ರತಿ ಸಾಕೆಟಿಗೆ ಅಳಿಸದ ಸಂಖ್ಯೆ ಕೊಡಿ. ರಿಜಿಸ್ಟರಿನಲ್ಲಿ ದಿನಾಂಕ, ಮಣ್ಣು ಒಣಗಿತ್ತೇ ತೇವವಿತ್ತೇ ಎಂಬುದು, ಯಾವ ಸಪ್ಲೈ ಮೇಲೆ ಅಳೆದದ್ದು, ಓಮ್ ಮತ್ತು ವೋಲ್ಟಿನ ಅಂಕಿಗಳು, ಅಳೆದವರ ಸಹಿ ಇರಲಿ. “ಸರಿ ಇದೆ” ಎಂಬ ಷರಾ ಬೇಡ, ಅಂಕಿಯೇ ಬೇಕು, 0.12 ಇದ್ದದ್ದು ಮರುವರ್ಷ 0.19 ಆಯಿತೆಂಬುದು “ಸರಿ ಇದೆ” ಎಂಬ ಎರಡು ಷರಾಗಳಲ್ಲಿ ಕಾಣುವುದಿಲ್ಲ. ಥಿಯೇಟರ್, ಐಸಿಯುಗಳಿಗೆ ಆರು ತಿಂಗಳಿಗೊಮ್ಮೆ, ಉಳಿದೆಡೆ ವರ್ಷಕ್ಕೊಮ್ಮೆ, ಜೊತೆಗೆ ಟೈಲ್ಸ್, ಬಣ್ಣ, ಎಸಿ ಕೂರಿಸುವಂಥ ಯಾವುದೇ ಕೆಲಸವಾದ ಬಳಿಕ ಆ ಗೋಡೆಯ ಸಾಕೆಟುಗಳನ್ನು ಪುನಃ ನೋಡಬೇಕೆಂಬುದು ನನ್ನ ಸಲಹೆ.

ಫೇಲಾದ ಸಾಕೆಟಿಗೆ ಕೆಂಪು ಚೀಟಿ ಅಂಟಿಸಿದರೆ ಸಾಲದು, ರಾತ್ರಿ ಪಾಳಿಯಲ್ಲಿ ತುರ್ತು ಬಂದಾಗ ಚೀಟಿಯನ್ನು ಯಾರೂ ಓದುವುದಿಲ್ಲ. ಡಿಬಿಯಲ್ಲಿ ಅದರ ವೈರನ್ನು ಬಿಚ್ಚಿ ತುದಿಗೆ ಇನ್ಸುಲೇಷನ್ ಮಾಡಿ, ಮುಂಭಾಗಕ್ಕೆ ಕುರುಡು ಪ್ಲೇಟು ಹಾಕಿ, ಯಾವ ಮಂಚಕ್ಕೆ ಎಷ್ಟು ಪಾಯಿಂಟು ಕಡಿಮೆಯಾಗಿದೆಯೆಂದು ಇನ್‌ಚಾರ್ಜ್ ಸಿಸ್ಟರಿಗೆ ಬರೆದುಕೊಟ್ಟು ಸಹಿ ಪಡೆಯಿರಿ. ಸರಿಯಿರುವ ಸರ್ಕ್ಯೂಟುಗಳ ಬೀಗ ತೆಗೆದು ಕರೆಂಟು ಕೊಟ್ಟ ಮೇಲೆ, ತೆಗೆದಿದ್ದ ಪ್ರತಿ ಉಪಕರಣವೂ ಮತ್ತೆ ಚಾರ್ಜ್ ಆಗುತ್ತಿದೆಯೇ ಎಂಬುದನ್ನು ಅವರ ಜೊತೆಯಲ್ಲೇ ನಿಂತು ನೋಡಿ ಹೊರಡಿ.